ಎಂಜಿನಿಯರ್ ಕೊಟ್ಟ ಟೈರು

ಒಯೆವೊಲೆಯನ್ನು ಅವನ ಹೆಂಡತಿ ಕೂಡ ಎಂಜಿನಿಯರ್ ಎಂದೇ ಕರೆಯಬೇಕಿತ್ತು. ಗೇಟಿನ ಮೇಲೆ ಹಾಗೆ ಬರೆಸಿದ್ದ, ಚರ್ಚಿನ ಚಂದಾ ಪಟ್ಟಿಯಲ್ಲಿ ಹಾಗೆ ಬರೆಸಿದ್ದ, ಮಗಳ ನಾಮಕರಣದ ಕರೆಯೋಲೆಯಲ್ಲಿ ಹಾಗೆ ಅಚ್ಚು ಹಾಕಿಸಿದ್ದ. ಇಬಾದಾನ್ ಊರಿನ ನೀರಿನ ಕಚೇರಿಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಅವನು ಎಂಜಿನಿಯರ್. ಅವನದೇ ಮನೆಯ ನಲ್ಲಿಯಲ್ಲಿ ನೀರು ಬಂದದ್ದನ್ನು ಅವನ ಏಳು ವರ್ಷದ ಮಗಳು ಇರೇತಿ ಇನ್ನೂ ನೋಡಿರಲಿಲ್ಲ. ದಿನಾ ಬೆಳಗ್ಗೆ ಅವನ ಸ್ನಾನಕ್ಕೆ ಅಂಗಳದ ಬಾವಿಯಿಂದ ಎರಡು ಬಕೆಟ್ ಸೇದಿಡುವವಳು ಅವನ ತಂಗಿ ಅರಿನೋಲಾ.

ಮನೆ ನಡೆಯುತ್ತಿದ್ದದ್ದು ತಾಯಿಯಿಂದ. ಆಕೆ ವಾರಕ್ಕೊಮ್ಮೆ ಶಾಕಿಯ ಸಂತೆಗೆ ಹೋಗಿ ಒಣಗೆಡ್ಡೆಯ ಹಿಟ್ಟು ಕೊಂಡು ತಂದು ಒಜೆ ಮಾರುಕಟ್ಟೆಯಲ್ಲಿ ಮಾರುವವಳು. ಈ ಊರು ಆ ಹಿಟ್ಟಿನ ಅಮಲಾ ಮುದ್ದೆ ನುಂಗುವ ತನಕ ಆಕೆಯ ವ್ಯಾಪಾರಕ್ಕೆ ಬರವಿಲ್ಲ. ಆಕೆಯ ಸ್ವಂತ ಹೆಸರು ಯಾರಿಗೂ ನೆನಪಿರಲಿಲ್ಲ. ನಮ್ಮಲ್ಲಿ ಹೆತ್ತ ಮೇಲೆ ಹೆಂಗಸಿಗೆ ಮಕ್ಕಳ ಹೆಸರೇ ಹೆಸರು. ಆಕೆ ಇಯಾ ಎಂಜಿನಿಯರ್, ಎಂಜಿನಿಯರನ ತಾಯಿ. ಮಾರುಕಟ್ಟೆಯ ಆ ತುದಿಯಿಂದ ಯಾರಾದರೂ ಹಾಗೆ ಕೂಗಿದರೆ ಈ ತುದಿಯಲ್ಲಿ ಆಕೆಯ ಬೆನ್ನು ಒಂದಂಗುಲ ನೆಟ್ಟಗಾಗುತ್ತಿತ್ತು.

ಅಂಗಳದಲ್ಲಿ ಎರಡು ಕಾರು. ಎರಡನ್ನೂ ಕೊಂಡವಳು ಆಕೆಯೇ. ಒಂದರ ಮೂಳೆ ಇನ್ನೊಂದಕ್ಕೆ ಆಗಬೇಕು ಎಂದು ಎರಡನ್ನೂ ಒಂದೇ ಜಾತಿ, ಒಂದೇ ಅಳತೆ ನೋಡಿ ಕೊಂಡಿದ್ದಳು. ಒಂದರಲ್ಲಿ ಎಂಜಿನಿಯರ್ ನಾಲ್ಕು ಮೈಲಿ ದೂರದ ಕಚೇರಿಗೆ ಹೋಗಿ ಕೂತು ಬರುತ್ತಿದ್ದ. ಇನ್ನೊಂದರ ಹಿಂದಿನ ಸೀಟು ಕಿತ್ತುಹಾಕಿ, ಒಂಬತ್ತು ಮೂಟೆ ಹೇರಿ, ಅರಿನೋಲಾ ಶಾಕಿಯಿಂದ ಐದು ತಾಸು ಓಡಿಸಿಕೊಂಡು ಬರುತ್ತಿದ್ದಳು. ಪಕ್ಕದಲ್ಲಿ ತಾಯಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು. ಅರಿನೋಲಾ ಗಂಡನನ್ನು ಬಿಟ್ಟು ಬಂದವಳು. ಆದ್ದರಿಂದ ಅವಳು ಮಾಡುವುದಕ್ಕೆ ದುಡಿಮೆ ಎಂಬ ಹೆಸರಿರಲಿಲ್ಲ. ಕೇಳಿದವರಿಗೆ ಅಣ್ಣ ಹೇಳುತ್ತಿದ್ದದ್ದು: "ಅವಳಾ? ಮನೇಲಿ ಇದ್ದಾಳೆ."

ಮೊದಲ ಮಳೆ ಬಿದ್ದ ವಾರ, ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ಎಂಜಿನಿಯರನ ತಟ್ಟೆಯಲ್ಲಿ ಮೂರು ತುಂಡು ಮಾಂಸ, ತಾಯಿಯ ತಟ್ಟೆಯಲ್ಲಿ ಎರಡು, ಅರಿನೋಲಾಳ ತಟ್ಟೆಯಲ್ಲಿ ಸಾರು.

"ಅಮ್ಮಾ, ಮುಂದಿನ ಎಡಗಡೆ ಟೈರಲ್ಲಿ ತಂತಿ ಕಾಣ್ತಿದೆ," ಅಂದಳು ಅರಿನೋಲಾ. "ಇಸೆಯಿನ್ ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ನಿಲ್ಲೋದು ನಾನು, ಕಾರಲ್ಲ."

"ಬಾಬಾ ರಫಿಯುಗೆ ಹೇಳು. ನಾಕು ತರಿಸಿ ಇಡಲಿ."

ಎಂಜಿನಿಯರ್ ನಕ್ಕ. ಮುದ್ದೆ ಬಾಯಲ್ಲಿದ್ದದ್ದರಿಂದ ನಗು ಮೂಗಿನಿಂದ ಬಂತು. "ಬಾಬಾ ರಫಿಯು! ಆ ತಗಡಿನ ಗೂಡಿನವನು! ಹಳೇ ಟೈರಿಗೆ ಚಾಕುವಿನಲ್ಲಿ ಗೆರೆ ಕೊರೆದು, ಕರಿ ಪಾಲಿಶ್ ಬಳಿದು ಹೊಸದು ಅಂತ ಮಾರ್ತಾನಲ್ಲ, ಅವನ ಹತ್ರ? ಯಾವ ಕಾಲದಲ್ಲಿದ್ದೀರಮ್ಮ ನೀವು?"

"ನೀನು ಯಾವ ಕಾಲದಲ್ಲಿದ್ದೀಯಪ್ಪ?"

ಅವನು ಕೈ ತೊಳೆಯದೆಯೇ ಎಡಗೈಯಲ್ಲಿ ಮೊಬೈಲು ತೆಗೆದ. "ನೋಡಿ, ನಿನ್ನೆ ನನ್ನ ಕಾರಿಗೆ ತರಿಸೋಕೆ ಹೇಳಿದೆ. ನಾಕು. ಮನೆ ಬಾಗಿಲಿಗೆ ಬರತ್ತೆ. ಚೌಕಾಸಿ ಇಲ್ಲ, ಬೆವರು ವಾಸನೆ ಇಲ್ಲ. ಐದು ನಕ್ಷತ್ರ ಇದೆ."

"ಒತ್ತಿ ನೋಡಬಹುದಾ?"

"ಮೊಬೈಲಲ್ಲಿ ಹೇಗಮ್ಮ ಒತ್ತೋದು?"

"ನಕ್ಷತ್ರ ಯಾರು ಕೊಟ್ಟಿದ್ದು?"

"ಕೊಂಡವರು."

"ಅವರ ಮನೆ ಎಲ್ಲಿ?"

ಅರಿನೋಲಾ ಕೆಮ್ಮಿದಳು. ಎಂಜಿನಿಯರ್ ಅವಳ ಕಡೆ ಕಣ್ಣು ಬಿಟ್ಟ. ತಾಯಿ ಮೂಳೆ ಚೀಪಿ ತಟ್ಟೆಯ ಅಂಚಿಗಿಟ್ಟು ಹೇಳಿದಳು: "ರಫಿಯು ನನಗೂ ಮೋಸ ಮಾಡ್ತಾನೆ. ಎಷ್ಟು ಮಾಡ್ತಾನೆ ಅಂತ ನನಗೆ ಗೊತ್ತು. ಅದಕ್ಕಿಂತ ಜಾಸ್ತಿ ಮಾಡಿದ್ರೆ ಅವನ ಹೆಂಡತಿ ಎಲ್ಲಿ ಕೂತು ಮೆಣಸಿನಕಾಯಿ ಮಾರ್ತಾಳೆ ಅಂತಲೂ ಗೊತ್ತು. ನಿನ್ನ ನಕ್ಷತ್ರದವನ ಹೆಂಡತಿ ಏನು ಮಾರ್ತಾಳೆ?"

"ನಿಮಗೆ ಅರ್ಥ ಆಗಲ್ಲ ಬಿಡಿ," ಅಂದ ಎಂಜಿನಿಯರ್. ಅರ್ಥವಾಗದವಳ ದುಡ್ಡಿನಲ್ಲೇ ಆ ಟೈರು ಬರುತ್ತಿದ್ದವು.

ಹತ್ತು ದಿನಕ್ಕೆ ಟೈರು ಬಂದವು, ಬಣ್ಣದ ಪ್ಲಾಸ್ಟಿಕ್ ಸುತ್ತಿಕೊಂಡು, ಮದುವೆಗೆ ಹೊರಟ ಹಾಗೆ. ಹೊಸದು ಮನೆಗೆ ಬಂದರೆ ಅದನ್ನು "ತೊಳೆಯಬೇಕು," ಅಂದರೆ ನೆರೆಯವರಿಗೆ ಕುಡಿಸಬೇಕು. ಕಾರು ತೊಳೆದವರಿದ್ದಾರೆ, ಮನೆ ತೊಳೆದವರಿದ್ದಾರೆ. ಟೈರು ತೊಳೆದವನನ್ನು ನಮ್ಮ ಬೀದಿ ಆ ಶನಿವಾರ ಮೊದಲ ಬಾರಿ ನೋಡಿತು. ಅವನ ಹೆಂಡತಿ ಫೆಹಿಂತೋಲಾ ಬೆಳಗಿನಿಂದ ಎಣ್ಣೆ ಬಾಣಲೆಯ ಮುಂದೆ ನಿಂತು ಹಿಟ್ಟಿನ ಉಂಡೆ ಕರಿದಳು. ಪಾದ್ರಿ ಬಂದ. ನಾಲ್ಕು ಟೈರುಗಳನ್ನು ಕುರ್ಚಿಗಳ ಮೇಲೆ ಕೂರಿಸಿದ್ದರು, ಅಂಗಳದ ಸುತ್ತಿನ ಕೋಣೆಗಳ ಬಾಡಿಗೆದಾರರು ನಿಂತಿದ್ದರು. ಪಾದ್ರಿ ಒಂದೊಂದರ ಹಣೆ ಎಲ್ಲಿರಬಹುದೆಂದು ಹುಡುಕಿ ಎಣ್ಣೆ ಹಚ್ಚಿದ. ಎಂಜಿನಿಯರ್ ಕಣ್ಣು ಮುಚ್ಚಿ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದ.

ಆದರೆ ಮೊಬೈಲಿನೊಳಗಿನ ಅಂಗಡಿಯವನು ಟೈರು ಕಳಿಸುತ್ತಾನೆ, ಚಕ್ರಕ್ಕೆ ತೊಡಿಸಿ ಕೊಡುವುದಿಲ್ಲ. ಗುರುವಾರ ತಾಯಿ, ತಂಗಿ ಶಾಕಿಗೆ ಹೋಗಿದ್ದಾಗ, ಬೆಳಗ್ಗೆ ಏಳಕ್ಕೇ ಎಂಜಿನಿಯರ್ ತಗಡಿನ ಗೂಡಿಗೇ ಬರಬೇಕಾಯಿತು. ಬಾಬಾ ರಫಿಯು ಆಗಷ್ಟೇ ಬಾಗಿಲು ತೆಗೆದು, ಗಾಳಿ ಯಂತ್ರಕ್ಕೆ ಜೀವ ಕೊಡುತ್ತಿದ್ದ.

"ಬನ್ನಿ ಎಂಜಿನಿಯರ್, ಬನ್ನಿ. ಇವತ್ತಿನ ಬೋಣಿ ನಿಮ್ಮದೇ."

"ಮಾತು ಬೇಡ, ಹಾಕು."

ಮುದುಕ ಪ್ಲಾಸ್ಟಿಕ್ ಬಿಚ್ಚಿದ. ಟೈರಿನ ಒಳಗೆ ಕೈಯಾಡಿಸಿದ. ನಿಲ್ಲಿಸಿದ. ಮತ್ತೆ ಆಡಿಸಿದ. ಎರಡನೆಯದು, ಮೂರನೆಯದು, ನಾಲ್ಕನೆಯದು.

"ಎಂಜಿನಿಯರ್, ಇವನ್ನ ತುರುಕಿ ತಂದಿದ್ದಾರೆ."

"ಏನದು ತುರುಕೋದು?"

"ಹಡಗಲ್ಲಿ ಜಾಗ ಉಳಿಸೋಕೆ ಒಂದರ ಹೊಟ್ಟೆಯೊಳಗೆ ಇನ್ನೊಂದು, ಅದರ ಹೊಟ್ಟೆಯೊಳಗೆ ಮತ್ತೊಂದು ಮಡಚಿ ತುರುಕ್ತಾರೆ. ಒಂದರ ಬಾಡಿಗೇಲಿ ನಾಕು ಬರತ್ತೆ. ಇಲ್ಲಿ ಹಾರೆಯಲ್ಲಿ ಮೀಟಿ ಎಳೀತಾರೆ. ಮೇಲೆ ನೋಡೋಕೆ ಹೊಸದೇ. ಒಳಗೆ ನರ ಮುರಿದಿರತ್ತೆ. ಇಲ್ಲಿ ಮುಟ್ಟಿ, ಮಡಿಕೆ ಸಿಗತ್ತೆ. ಊರೊಳಗೆ ಓಡಾಡಿದ್ರೂ ತಿಂಗಳಿಗೆ ಹುಣ್ಣು ಬರತ್ತೆ. ಭಾರ ಹಾಕಿ ಓಡಿಸಿದ್ರೆ ಒಡೆಯತ್ತೆ."

ಎಂಜಿನಿಯರ್ ಮುಟ್ಟಲಿಲ್ಲ. "ನೀನು ಯಾವ ವಿಶ್ವವಿದ್ಯಾಲಯದಲ್ಲಿ ಓದಿದ್ದು?"

ಗೂಡಿನ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಮೂವರು ಬಾಡಿಗೆ ಕಾರಿನವರು ನೆಲ ನೋಡಿದರು.

"ನಿನ್ನ ಹತ್ರ ಕೊಳ್ಳಲಿಲ್ಲ ಅಂತ ಹೊಟ್ಟೆ ಉರಿ. ನನಗೆ ಗೊತ್ತು ನಿಮ್ಮ ಜಾತಿ. ಹಾಕ್ತೀಯೋ, ಬೇರೆ ಕಡೆ ಹೋಗಲೋ?"

ಬೆಳಗಿನ ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸಿದರೆ ಆ ದಿನವೆಲ್ಲ ಕೈಗೆ ಏನೂ ಹತ್ತುವುದಿಲ್ಲ. ಇದು ಈ ಊರಿನ ಯಾವ ವ್ಯಾಪಾರಿಯನ್ನು ಕೇಳಿದರೂ ಹೇಳುತ್ತಾನೆ. ಬಾಬಾ ರಫಿಯು ನಾಲ್ಕನ್ನೂ ತೊಡಿಸಿದ. ಗಾಳಿಮೂತಿಯ ಪಕ್ಕದಲ್ಲಿ, ತಾನು ತೊಡಿಸಿದ ಎಲ್ಲ ಟೈರಿಗೂ ಇಡುವ ಹಾಗೆ, ಹಳದಿ ಬಣ್ಣದ ಒಂದು ಬೊಟ್ಟು ಇಟ್ಟ. ಎಂಜಿನಿಯರ್ ಕೇಳಿದ್ದಕ್ಕಿಂತ ಕಡಿಮೆ ಕೊಟ್ಟು ಹೋದ.

ಮೂರು ವಾರಕ್ಕೆ ಹುಣ್ಣು ಬಂತು. ಬಲ ಮುಂದಿನ ಟೈರಿನ ಪಕ್ಕೆಯಲ್ಲಿ, ಬೇಯಿಸಿದ ಮೊಟ್ಟೆಯ ಗಾತ್ರ. ಎಂಜಿನಿಯರ್ ಈಗ ಮುಟ್ಟಿ ನೋಡಿದ. ಮೊಬೈಲಿನ ಅಂಗಡಿಗೆ ಬರೆದ. ಉತ್ತರ ತಕ್ಷಣ ಬಂತು: ನಮ್ಮ ಪ್ರೀತಿಯ ಗ್ರಾಹಕರೇ, ಏಳು ದಿನದೊಳಗೆ, ಸುತ್ತಿದ ಪ್ಲಾಸ್ಟಿಕ್ ಬಿಚ್ಚದೆ ಇದ್ದಲ್ಲಿ ಮಾತ್ರ ವಾಪಸು. ಫೋನು ಮಾಡಿದರೆ ಹಾಡು ಕೇಳಿಸಿತು. ನಾಲ್ಕು ದಿನ ಆ ಹಾಡು ಕೇಳಿದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಮೆನ್ ಅಷ್ಟು ಜೋರಾಗಿ ಅಂದವನು ಹೇಗೆ ಹೇಳಿಯಾನು?

ಐದನೆಯ ದಿನ ಸಂಜೆ ತಾಯಿ ಅಂಗಳದಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎಂಜಿನಿಯರ್ ಬಂದವನೇ ಆಕೆಯ ಮುಂದೆ ನೆಲಕ್ಕೆ ಎದೆ ತಾಗುವ ಹಾಗೆ ಉದ್ದುದ್ದ ಬಿದ್ದ. ಸೂಟಿಗೆ ಹಿಟ್ಟು ಹತ್ತಿತು.

"ಏಳಪ್ಪ, ಏನಾಯ್ತು? ಯಾರು ಸತ್ರು?"

"ಅಮ್ಮಾ, ನೀವು ಬೋಳು ಟೈರಲ್ಲಿ ಓಡಾಡೋವಾಗ ನಾನು ಹೊಸ ಟೈರಲ್ಲಿ ಹೇಗೆ ಹೋಗಲಿ? ನನಗೆ ನಿದ್ದೆ ಬರ್ತಿಲ್ಲ. ನನ್ನ ಟೈರು ನಿಮಗೆ. ನಾಳೆ ನಾನೇ ಹಾಕಿಸಿ ತರ್ತೀನಿ."

ತಾಯಿ ಜರಡಿ ಕೆಳಗಿಟ್ಟಳು. ಕಣ್ಣೊರೆಸಿಕೊಂಡಳು, ಹಿಟ್ಟಿನಿಂದ ಅಂದಳು. ರಫಿಯು ಇನ್ನೂ ತರಿಸಿರದ ತನ್ನ ಟೈರಿಗೆಂದು ಗಂಟು ಕಟ್ಟಿಟ್ಟಿದ್ದ ಮೂರು ಲಕ್ಷ ನೈರಾವನ್ನು ತಂದು ಅವನ ಕೈಗಿಟ್ಟಳು. "ಹಾಗಾದ್ರೆ ನೀನು ಬೇರೆ ತಗೋ. ಬರಿಗಾಲಲ್ಲಿ ಹೋಗಬೇಡ."

"ಅಯ್ಯೋ, ಬೇಡಮ್ಮಾ," ಅಂದ ಎಂಜಿನಿಯರ್. ಎಣಿಸಿಕೊಂಡೇ ಅಂದ.

ಮರುದಿನ ಎರಡೂ ಕಾರನ್ನು ಊರಿನ ಆ ಕೊನೆಗೆ, ಬಾಬಾ ರಫಿಯುವಿನ ಹೆಸರೂ ಕೇಳದ ಕಡೆಗೆ ಒಯ್ದು ಬದಲಾಯಿಸಿ ತಂದ. ತಾಯಿಯ ಕಾರಿಗೆ ಎಣ್ಣೆ ಹಚ್ಚಿದ ಟೈರು, ಹುಣ್ಣು ಒಳಮುಖವಾಗಿ. ತನ್ನ ಕಾರಿಗೆ ಅಲ್ಲಿನದೇ ಅಂಗಡಿಯಲ್ಲಿ ಒತ್ತಿ ನೋಡಿ, ಒಳಗೆ ಕೈಯಾಡಿಸಿ, ಮೂಸಿ ನೋಡಿ, ಚೌಕಾಸಿ ಮಾಡಿ ಕೊಂಡ ಟೈರು. ಮೊಬೈಲು ಆ ದಿನ ಜೇಬಿನಿಂದ ಹೊರಗೆ ಬರಲಿಲ್ಲ. ತಾಯಿಗೆ ಹೇಳಿದ್ದು ಮಾತ್ರ, "ಇವೂ ಮೊಬೈಲಿಂದಲೇ ತರಿಸಿದ್ದು."

ಆ ಟೈರುಗಳ ಮೇಲೆ ತಾಯಿ, ಮಗಳು ಶಾಕಿಗೆ ಹೋಗಿ ಬಂದರು, ಒಂಬತ್ತು ಮೂಟೆಯೊಂದಿಗೆ. ಇಯಾ ಎಂಜಿನಿಯರ್ ಎರಡೂ ಮಾರುಕಟ್ಟೆಯಲ್ಲಿ ಹೇಳಿದಳು: "ತನ್ನ ಕಾಲಿನ ಚಪ್ಪಲಿ ಬಿಚ್ಚಿ ಕೊಟ್ಟ ಹಾಗೆ ಕೊಟ್ಟ. ಗಂಡು ಹೆತ್ತರೆ ಇಂಥವನನ್ನ ಹೆರಬೇಕು." ಅರಿನೋಲಾ ಸ್ಟಿಯರಿಂಗ್ ನಡುಗುತ್ತಿದೆ ಅಂದಳು.

"ನಿನಗೆ ಅಣ್ಣನ ಮೇಲೆ ಯಾವಾಗಲೂ ಕಣ್ಣು."

"ನನ್ನ ಕೈ ನಡುಗ್ತಿದೆ ಅಮ್ಮಾ, ಕಣ್ಣಲ್ಲ."

"ಹೊಸ ಟೈರು, ಪಳಗಬೇಕು. ಬಾಯಿ ಮುಚ್ಚಿ ಓಡಿಸು."

ಮುಂದಿನ ಗುರುವಾರ ಬೆಳಗ್ಗೆ ಶಾಕಿಗೆ ಹೊರಟವರು ಗಾಳಿ ನೋಡಿಸಲು ಬಾಬಾ ರಫಿಯುವಿನ ಗೂಡಿನ ಮುಂದೆ ನಿಂತರು. ಮುದುಕ ಆಗಷ್ಟೇ ಬಾಗಿಲು ತೆಗೆದಿದ್ದ. ನಗುತ್ತ ಕೊಳವೆ ಹಿಡಿದು ಬಂದವನು ಮುಂದಿನ ಚಕ್ರದ ಪಕ್ಕ ಕೂತ. ಹಳದಿ ಬೊಟ್ಟು ನೋಡಿದ. ಎದ್ದು ಉಳಿದ ಮೂರನ್ನೂ ನೋಡಿ ಬಂದ. ಕೊಳವೆ ಸುತ್ತಿಟ್ಟ.

"ನಾನು ಗಾಳಿ ಹಾಕಲ್ಲ, ಇಯಾ ಎಂಜಿನಿಯರ್."

"ಯಾಕೆ, ದುಡ್ಡು ಕೊಡಲ್ವಾ ನಾನು?"

"ನನಗೆ ನಿಮ್ಮ ಬೋಣಿ ಬೇಡ."

ತಾಯಿ ಬಾಗಿಲು ತೆರೆದು ಕೆಳಗಿಳಿದಳು. ಐವತ್ತು ವರ್ಷ ಮಾರುಕಟ್ಟೆಯಲ್ಲಿ ಕೂತವಳು. ಬೋಣಿ ಬೇಡ ಅನ್ನುವ ವ್ಯಾಪಾರಿಯನ್ನು ಆಕೆ ನೋಡಿರಲಿಲ್ಲ. ಹೆಣ ಎತ್ತಿದ ದಿನವೂ ಬೋಣಿ ಬೇಡ ಅಂದವರಿಲ್ಲ.

"ರಫಿಯು, ಏನು ಹೇಳ್ತಿದ್ದೀಯ?"

"ಒಂದು ಸಲ ಬೋಣಿ ಕೆಡಿಸಿಕೊಳ್ಳಬಾರದು ಅಂತ ಈ ಟೈರು ತೊಡಿಸಿದೆ. ತಪ್ಪು ಮಾಡಿದೆ. ಎರಡನೇ ಸಲ ಮಾಡಲ್ಲ. ಇದು ತುರುಕಿ ತಂದ ಮಾಲು ಅಂತ ಎಂಜಿನಿಯರ್‌ಗೆ ಅವತ್ತೇ ಹೇಳಿದೀನಿ, ಇವರ ಮೂವರ ಮುಂದೆ. ಭಾರ ಹಾಕಿದ್ರೆ ಒಡೆಯತ್ತೆ ಅಂತಲೂ ಹೇಳಿದೀನಿ. ಕೇಳಿ ಬೇಕಾದ್ರೆ." ಬೆಂಚಿನ ಮೂವರೂ ತಲೆಯಾಡಿಸಿದರು. ಮುದುಕ ಚಕ್ರದ ಹಿಂದೆ ಕೈ ಹಾಕಿ ಅರಿನೋಲಾಳ ಬೆರಳು ಹಿಡಿದು ಹುಣ್ಣಿನ ಮೇಲಿಟ್ಟ. ಅವಳು ತಾಯಿಯ ಬೆರಳು ಹಿಡಿದು ಅಲ್ಲೇ ಇಟ್ಟಳು.

ತಾಯಿ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಟೈರು ನನ್ನ ಕಾರಿಗೆ ಬಂದು ಎಂಟು ದಿನ. ಇದು ಅವನ ಕಾರಲ್ಲಿದ್ದಾಗಲೇ ಬಂದಿದ್ದಾ?"

"ಇಷ್ಟು ದಪ್ಪ ಆಗೋಕೆ ಎಂಟು ದಿನ ಸಾಲಲ್ಲ."

"ಅಂದ್ರೆ ನೋಡಿದಾನೆ."

ಅರಿನೋಲಾ ಕಾರನ್ನು ನಡೆಯುವ ವೇಗದಲ್ಲಿ ಮನೆಗೆ ತಿರುಗಿಸಿದಳು. ಮನೆಯಲ್ಲಿ ತಾಯಿ ಹೊಟ್ಟೆ ಕೆಟ್ಟಿದೆ ಅಂದಳು, ಸಂತೆ ತಪ್ಪಿಸಿದಳು. ಅರಿನೋಲಾ ಅಡುಗೆಮನೆಯಲ್ಲಿ ಅಲಸಂದೆ ಕಾಳಿನ ಸಿಪ್ಪೆ ಸುಲಿಯುತ್ತ ಪಿಸುಗುಟ್ಟಿದಳು: "ಈಗಲೇ ಕೇಳು ಅವನನ್ನ."

"ಕೇಳಿದ್ರೆ ಏನು ಹೇಳ್ತಾನೆ? ರಫಿಯು ಕಳ್ಳ ಅಂತಾನೆ. ನನಗೆ ಗೊತ್ತಿರಲಿಲ್ಲ ಅಂತಾನೆ. ಮತ್ತೆ ನೆಲದ ಮೇಲೆ ಬೀಳ್ತಾನೆ." ತಾಯಿ ನೆನೆಸಿದ ಕಾಳು ಹಿಚುಕಿ ಸಿಪ್ಪೆ ತೇಲಿಸಿದಳು. "ನಾನೂ ನಂಬ್ತೀನಿ. ಅವನು ಬಿದ್ದರೆ ನಂಬೋದು ನನಗೆ ರೂಢಿ."

ಶನಿವಾರ ಬೆಳಗ್ಗೆ ಎಂಜಿನಿಯರ್ ಸ್ನಾನದ ಮನೆಯ ಮುಂದೆ ಕನ್ನಡಿ ಇಟ್ಟು ಗಡ್ಡ ಹೆರೆಯುತ್ತಿದ್ದ. ಅರಿನೋಲಾ ಸೇದಿಟ್ಟ ಎರಡು ಬಕೆಟ್ ಪಕ್ಕದಲ್ಲಿದ್ದವು. ಅಂಗಳದಲ್ಲಿ ತಾಯಿಯ ಕಾರು ಗುರುಗುಡುತ್ತ ನಿಂತಿತ್ತು.

"ಒಯೆವೊಲೆ, ಇರೇತಿನ ಶಾಕಿಗೆ ಕರ್ಕೊಂಡು ಹೋಗ್ತೀನಿ," ಅಂದಳು ತಾಯಿ. "ಗುರುವಾರ ತಪ್ಪಿದ ಮೂಟೆ ತರಬೇಕು. ಇವಳಿಗೆ ಶಾಕಿ ನೋಡಬೇಕಂತೆ. ಮುಂದೆ ನನ್ನ ತೊಡೆ ಮೇಲೆ ಕೂರ್ತಾಳೆ."

ಕತ್ತಿ ಕೆನ್ನೆಯ ಮೇಲೆ ನಿಂತಿತು. "ಇವತ್ತು ಅವಳಿಗೆ ಪಾಠ ಇದೆ."

"ಮೇಷ್ಟ್ರು ಊರಿಗೆ ಹೋಗಿದ್ದಾರೆ."

"ನೆಗಡಿ ಇದೆ ಅವಳಿಗೆ."

"ನಂಗಿಲ್ಲ!" ಕಾರಿನೊಳಗಿಂದ ಕೂಗಿದಳು ಇರೇತಿ. ಆಗಲೇ ಹೊಸ ಟೋಪಿ ಹಾಕಿಕೊಂಡು ಹತ್ತಿ ಕೂತಿದ್ದಳು.

"ಮಳೆ ಬರೋ ಹಾಗಿದೆ. ದಾರಿ ಸರಿ ಇಲ್ಲ ಅಮ್ಮಾ."

"ನಿನ್ನ ತಂಗಿ ವಾರಾ ವಾರಾ ಹೋಗೋ ದಾರಿ. ನಾನು ನಿದ್ದೆ ಮಾಡೋ ದಾರಿ." ತಾಯಿ ಕಾರಿನತ್ತ ನಡೆದಳು. "ಹೊಸ ಟೈರಿದೆಯಲ್ಲ, ಮಗ ಕೊಟ್ಟಿದ್ದು. ಅರಿನೋಲಾ, ಹೊರಡು."

ಕಾರು ಗೇಟಿನತ್ತ ಎರಡು ಮಾರು ಸರಿದಿತ್ತಷ್ಟೆ. ಎಂಜಿನಿಯರ್ ಸೊಂಟದಲ್ಲಿ ಟವಲು, ಅರ್ಧ ಮುಖದಲ್ಲಿ ನೊರೆ, ಕೈಯಲ್ಲಿ ಕತ್ತಿ ಹಿಡಿದು ಓಡಿ ಬಂದ. ಕಾರಿನ ಮುಂದೆ ಅಡ್ಡ ನಿಂತು ಬಾನೆಟ್ಟಿಗೆ ಗುದ್ದಿದ. ಬಾಗಿಲು ಕಿತ್ತು ತೆರೆದು ಮಗಳ ತೋಳು ಹಿಡಿದೆಳೆದ.

"ಇಳಿ! ಇಳಿ ಅಂದೆ! ಆ ಟೈರಲ್ಲಿ ನನ್ನ ಮಗು ಬೇಡ!"

ಬಾಡಿಗೆದಾರರೆಲ್ಲ ಬಾಗಿಲಿಗೆ ಬಂದಿದ್ದರು. ಇರೇತಿ ಅಳತೊಡಗಿದಳು. ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ಫೆಹಿಂತೋಲಾ ಗಂಡನ ನೊರೆ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು.

"ಒಯೆವೊಲೆ," ಅಂದಳು, ಮದುವೆಯಾದ ಮೇಲೆ ಮೊದಲ ಸಲ ಬರಿ ಹೆಸರು ಹಿಡಿದು, "ಆ ಟೈರಿಗೆ ಏನಾಗಿದೆ?"

ಅವನು ಬಾಯಿ ತೆರೆದ. ನೊರೆ ಒಳಗೆ ಹೋಯಿತು.

"ಹೇಳು," ಅಂದಳು ತಾಯಿ, ಕೂತಲ್ಲಿಂದಲೇ. "ಏನಾಗಿದೆ? ಹೋದ ವಾರ ನನ್ನನ್ನೂ ಇವಳನ್ನೂ ಒಂಬತ್ತು ಮೂಟೆನೂ ಹೊತ್ತಿದೆ. ಆಗ ನೀನು ಟವಲಲ್ಲಿ ಓಡಿ ಬರಲಿಲ್ಲ."

"ಅಮ್ಮಾ... ನಾನು... ಅಷ್ಟು ಬೇಗ ಏನೂ ಆಗಲ್ಲ ಅಂತ..."

"ಎಷ್ಟು ಬೇಗ? ಲೆಕ್ಕ ಹಾಕಿದ್ಯಾ ಎಂಜಿನಿಯರ್? ಇನ್ನೆಷ್ಟು ಸಂತೆ ಇತ್ತು ನಮಗೆ?"

ಅವನು ಮಂಡಿಯೂರಿದ, ಎದೆಯನ್ನೂ ನೆಲಕ್ಕೆ ತಾಗಿಸಲು ಬಗ್ಗಿದ. ಟವಲು ಸಡಿಲವಾಯಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಳ್ಳಬೇಕಾಗಿ ಬಂದು, ನಮಸ್ಕಾರ ಅರ್ಧಕ್ಕೇ ನಿಂತಿತು.

"ಏಳು. ನೆಲ ಗಲೀಜಾಗತ್ತೆ," ಅಂದಳು ತಾಯಿ. "ಅರಿನೋಲಾ, ರಫಿಯುನ ಕರಿ. ಜಾಕು ತರಲಿ. ಗರಗಸ ತರಲಿ."

ಬಾಬಾ ರಫಿಯು ಬಂದು ಎಂಜಿನಿಯರನ ಕಾರನ್ನು ಎತ್ತಿದ. ಒತ್ತಿ, ಮೂಸಿ, ಆರಿಸಿ ಕೊಂಡ ಆ ನಾಲ್ಕು ಒಳ್ಳೆ ಟೈರು ತಾಯಿಯ ಕಾರಿಗೆ ಹೋದವು. ತುರುಕಿದ ನಾಲ್ಕನ್ನು ಅಂಗಳದಲ್ಲಿ ರಾಶಿ ಹಾಕಿದರು. ಎಂಜಿನಿಯರನ ಕಾರು ನಾಲ್ಕು ಸಿಮೆಂಟು ಇಟ್ಟಿಗೆಗಳ ಮೇಲೆ ಕೂತಿತು. ಅಷ್ಟರಲ್ಲಿ ಪ್ಯಾಂಟು ಹಾಕಿಕೊಂಡು ಬಂದಿದ್ದ ಅವನಿಗೆ ಸ್ವಲ್ಪ ದನಿ ಮರಳಿತ್ತು. ಗರಗಸ ನೋಡಿದ.

"ಕತ್ತರಿಸೋದು ಯಾಕಮ್ಮ? ಮೇಲೆ ನೋಡೋಕೆ ಹೊಸದೇ ಇದೆ. ಹೊರಗೆ ಮಾರಿದ್ರೆ ಅರ್ಧ ದುಡ್ಡಾದರೂ..."

ಬಾಬಾ ರಫಿಯು ಕೂಡ ಕೈ ನಿಲ್ಲಿಸಿ ಅವನ ಕಡೆ ನೋಡಿದ.

"ಯಾರಿಗೆ ಮಾರ್ತೀಯ?" ಅಂದಳು ತಾಯಿ. "ಬೇರೆ ಯಾರ ತಾಯಿಗೆ?"

ಗರಗಸ ಓಡಿತು. ಒಳಗಿನ ಮುರಿದ ತಂತಿಗಳು ಮೀನಿನ ಮುಳ್ಳಿನ ಹಾಗೆ ಹೊರಗೆ ಬಂದವು. ಇರೇತಿ ಅಳು ನಿಲ್ಲಿಸಿ ಎಣಿಸತೊಡಗಿದಳು.

ಮುದುಕ ಹೊಸ ಚಕ್ರಗಳಿಗೆ ಗಾಳಿ ನೋಡಿ, ಹಳದಿ ಬೊಟ್ಟು ಇಟ್ಟು, ಇವತ್ತಿನ ಬೋಣಿ ಅಂತ ದುಡ್ಡು ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡ. ತುಸು ಜಾಸ್ತಿಯೇ ತೆಗೆದುಕೊಂಡಿದ್ದ. ಎಷ್ಟು ಜಾಸ್ತಿ ಅಂತ ತಾಯಿಗೆ ಗೊತ್ತಿತ್ತು.

ಸೋಮವಾರ ಎಂಜಿನಿಯರ್ ಬಾಡಿಗೆ ಬೈಕಿನ ಹಿಂದೆ ಕೂತು ಕಚೇರಿಗೆ ಹೋದ. ಕತ್ತಿನ ಟೈ ಹೆಗಲ ಹಿಂದೆ ಹಾರುತ್ತಿತ್ತು. "ಯಜಮಾನ್ರೇ, ಸರಿಯಾಗಿ ಹಿಡ್ಕೊಳ್ಳಿ," ಅಂತ ಬೈಕಿನವನು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. ಆ ದಿನ ಅವನ ಸ್ನಾನಕ್ಕೆ ಬಾವಿಯ ಕಟ್ಟೆಯ ಮೇಲೆ ಬರಿ ಬಕೆಟ್ಟು, ಹಗ್ಗ ಇದ್ದವು.

ಗುರುವಾರ ಶಾಕಿ ಸಂತೆಯಲ್ಲಿ ತಾಯಿ ಹಿಟ್ಟಿನ ಮೂಟೆಗೆ ಕೈ ಹಾಕಿ ನೋಡುತ್ತಿದ್ದಳು. ಸಾಲಿನ ಆ ತುದಿಯಿಂದ ಹಿಟ್ಟಿನವಳೊಬ್ಬಳು ಕೂಗಿದಳು, "ಇಯಾ ಎಂಜಿನಿಯರ್! ಇಯಾ ಎಂಜಿನಿಯರ್!" ಆಕೆ ತಿರುಗಲಿಲ್ಲ.

"ಅಮ್ಮಾ, ನಿನ್ನನ್ನೇ ಕರೀತಿದ್ದಾರೆ," ಅಂದಳು ಅರಿನೋಲಾ, ಹೆಗಲ ಮೇಲೆ ಮೂಟೆ ಹೊತ್ತುಕೊಂಡೇ.

"ಯಾರೋ ಬೇರೆಯವರನ್ನ." ತಾಯಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ, ನಾಲಿಗೆಗಿಟ್ಟು ನೋಡಿದಳು. "ನನ್ನ ಬೇಕಾದ್ರೆ ಇಯಾ ಅರಿನೋಲಾ ಅಂತ ಕೂಗಲಿ. ಹೋಗಿ ಹೇಳು ಅವಳಿಗೆ. ಮೊದಲು ಆ ಮೂಟೆ ಇಳಿಸು."